ಸಂಗೀತ ಪತ್ರಿಕೆ ತನ್ನ ಓದುಗನನ್ನು ಕಂಡುಕೊಳ್ಳುವ ಬಗೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪತ್ರಿಕೆಗಳ ಪುಟವಿನ್ಯಾಸದ ಬಗ್ಗೆ ಪ್ರಶ್ನೆಗಳಿದ್ದರೆ ಬರೆದು ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಸಂಗೀತ ಪತ್ರಿಕೆಗಳನ್ನು ಕುರಿತವೇ ಹೆಚ್ಚಾಗಿದ್ದುದರಿಂದ ಈ ಬಾರಿಯ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾನು ಪತ್ರಿಕೋದ್ಯಮದ ಸ್ನಾತಕೋತ್ತರ ವಿದ್ಯಾರ್ಥಿನಿ. ಸಂಗೀತ ಪತ್ರಿಕೆಗಳು ಬಣ್ಣ, ಅಕ್ಷರ ಮತ್ತು ಚಿತ್ರಗಳ ಮೂಲಕ ತಮ್ಮ ಓದುಗರನ್ನು ಸೆಳೆಯುತ್ತವೆ ಎಂದು ನಮ್ಮ ಪಾಠದಲ್ಲಿದೆ. ಈ ಮೂರೂ ಎಲ್ಲ ಪತ್ರಿಕೆಗಳಲ್ಲೂ ಇರುತ್ತವೆ. ಹಾಗಿದ್ದರೆ ಒಂದು ಪತ್ರಿಕೆ ಹದಿನೈದರ ಹುಡುಗಿಯನ್ನೂ ಇನ್ನೊಂದು ನಲವತ್ತರ ಗೃಹಸ್ಥರನ್ನೂ ಸೆಳೆಯುವುದು ಹೇಗೆ? (ಮೈಸೂರು)

ಉತ್ತರ: ನಿಮ್ಮ ಪಾಠದ ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಬಣ್ಣ, ಅಕ್ಷರ, ಚಿತ್ರಗಳ ಆಯ್ಕೆ ವಿನ್ಯಾಸದ ಕೆಲಸದಲ್ಲಿ ಕೊನೆಗೆ ಬರುವ ಹಂತ. ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ: ಪತ್ರಿಕೆಯನ್ನು ಕೊಂಡು ಮನೆಗೆ ಒಯ್ದ ಓದುಗರು ಅದನ್ನು ಯಾವುದಕ್ಕೆ ಬಳಸುತ್ತಾರೆ? ಅದನ್ನು ಮುಂದಿಟ್ಟುಕೊಂಡು ಹಾಡುತ್ತಾರೆಯೇ, ಹಾಳೆ ಬಿಡಿಸಿ ಗೋಡೆಗೆ ಅಂಟಿಸುತ್ತಾರೆಯೇ, ಯಾವ ಸಿಡಿ ಕೊಳ್ಳಬೇಕೆಂದು ತೀರ್ಮಾನಿಸಲು ನೋಡುತ್ತಾರೆಯೇ, ಅಥವಾ ಕಪಾಟಿನಲ್ಲಿ ಜೋಪಾನವಾಗಿ ಜೋಡಿಸಿಡುತ್ತಾರೆಯೇ? ಇದಕ್ಕೆ ಖಚಿತವಾದ ಉತ್ತರ ದೊರೆತರೆ ಕಾಗದದ ಗುಣ, ಪುಟದ ಅಳತೆ, ಅಕ್ಷರದ ಗಾತ್ರ, ಬಣ್ಣ ಎಲ್ಲಕ್ಕೂ ಒಂದು ದಿಕ್ಕು ಸಿಗುತ್ತದೆ.

ಇಂಗ್ಲೆಂಡಿನ ಎರಡು ಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಮೊದಲನೆಯದು ‘ಸ್ಮ್ಯಾಶ್ ಹಿಟ್ಸ್’. ಅದಕ್ಕೂ ಮೊದಲು ‘ಎನ್‌ಎಂಇ’ (ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್) ಎಂಬ ಸಂಗೀತ ವಾರಪತ್ರಿಕೆಯ ಸಂಪಾದಕರಾಗಿದ್ದ ನಿಕ್ ಲೋಗನ್ 1978ರಲ್ಲಿ ಇದನ್ನು ಆರಂಭಿಸಿದರು. ಜನಪ್ರಿಯ ಗೀತೆಗಳ ಸಾಹಿತ್ಯವನ್ನು ಪೂರ್ತಿಯಾಗಿ ಅಚ್ಚು ಹಾಕುವುದೇ ಅದರ ಮುಖ್ಯ ಆಕರ್ಷಣೆಯಾಗಿತ್ತು. ರೇಡಿಯೊದಲ್ಲಿ ಹಾಡು ಬಂದಾಗ ಪುಟ ತೆರೆದು ಜೊತೆಗೆ ಹಾಡುವ ಹದಿಹರೆಯದವರು ಅದರ ಓದುಗರು. ಸ್ಪಷ್ಟವಾಗಿ ಜೋಡಿಸಿದ ಹಾಡಿನ ಸಾಲುಗಳು, ಹಾಡಿದವರ ದೊಡ್ಡ ಬಣ್ಣದ ಚಿತ್ರ, ಬಿಡಿಸಿ ತೆಗೆಯಲೆಂದೇ ಇಟ್ಟ ಭಿತ್ತಿಚಿತ್ರ (ಪೋಸ್ಟರ್) ಇವೆಲ್ಲ ಅವರ ಬಳಕೆಯನ್ನು ಗಮನದಲ್ಲಿಟ್ಟುಕೊಂಡೇ ರೂಪುಗೊಂಡವು. ಹಿಂದೆ ನಮ್ಮ ಚಿತ್ರಮಂದಿರಗಳ ಮುಂದೆ ಮಾರುತ್ತಿದ್ದ ತೆಳ್ಳನೆಯ ಹಾಡಿನ ಪುಸ್ತಕಗಳನ್ನು ಕೊಂಡವರಿಗೆ ಈ ಆಕರ್ಷಣೆಯ ಬಲವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವುಗಳ ಕಾಗದ ಒರಟಾಗಿತ್ತು, ಅಚ್ಚು ಮಸುಕಾಗಿತ್ತು. ಆದರೂ ಪಲ್ಲವಿ ಎಲ್ಲಿ ಮುಗಿಯಿತು, ಚರಣ ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೆ ತಕ್ಷಣ ಕಾಣುತ್ತಿತ್ತು, ಮತ್ತು ಕೊಂಡವರಿಗೆ ಬೇಕಾಗಿದ್ದುದೂ ಅದೇ.

ಎರಡನೆಯದು 1986ರ ಅಕ್ಟೋಬರ್‌ನಲ್ಲಿ ಹೊರಬಂದ ‘ಕ್ಯೂ’ ಮಾಸಪತ್ರಿಕೆ. ಇದನ್ನು ರೂಪಿಸಿದ ಮಾರ್ಕ್ ಎಲೆನ್ ಮತ್ತು ಡೇವಿಡ್ ಹೆಪ್‌ವರ್ತ್ ಇಬ್ಬರೂ ಹಿಂದೆ ‘ಸ್ಮ್ಯಾಶ್ ಹಿಟ್ಸ್’ ಸಂಪಾದಕರಾಗಿದ್ದವರು ಎಂಬ ಸಂಗತಿಯೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ. ಕೆಲಸ ಮಾಡಿದವರು ಅವರೇ, ಪ್ರಕಾಶನ ಸಂಸ್ಥೆಯೂ ಅದೇ. ಓದುಗರು ಬೇರೆಯಾದೊಡನೆ ಪತ್ರಿಕೆಯ ರೂಪವೇ ಬದಲಾಯಿತು. ಸಿಡಿ ಆಗ ಮಾರುಕಟ್ಟೆಗೆ ಬಂದು ಕೆಲವೇ ವರ್ಷಗಳಾಗಿದ್ದವು. ಕೈಯಲ್ಲಿ ಸಂಬಳದ ಹಣವಿದ್ದ ಮೂವತ್ತು ದಾಟಿದವರು ತಾವು ಎಳೆಯ ವಯಸ್ಸಿನಲ್ಲಿ ಕೇಳಿದ್ದ ಹಳೆಯ ಧ್ವನಿಮುದ್ರಿಕೆಗಳನ್ನೇ ಮತ್ತೆ ಸಿಡಿ ರೂಪದಲ್ಲಿ ಕೊಳ್ಳತೊಡಗಿದ್ದರು. ಅವರಿಗೆ ಭಿತ್ತಿಚಿತ್ರ ಬೇಕಾಗಿರಲಿಲ್ಲ. ಯಾವುದನ್ನು ಕೊಂಡರೆ ಹಣ ಸಾರ್ಥಕ ಎಂದು ಹೇಳುವವರು ಬೇಕಾಗಿತ್ತು. ಆದ್ದರಿಂದ ‘ಕ್ಯೂ’ ವಿಮರ್ಶೆಯ ವಿಭಾಗವನ್ನೇ ಬೆನ್ನೆಲುಬಾಗಿ ಮಾಡಿಕೊಂಡಿತು. ನುಣುಪಾದ ಕಾಗದ, ಅಚ್ಚುಕಟ್ಟಾದ ಕಾಲಂಗಳು, ಚಿಕ್ಕ ಅಕ್ಷರದಲ್ಲಿ ಒತ್ತಾಗಿ ಜೋಡಿಸಿದ ವಿಮರ್ಶೆಗಳು, ಪ್ರತಿ ವಿಮರ್ಶೆಗೂ ಐದರಲ್ಲಿ ಇಷ್ಟೆಂದು ಸೂಚಿಸುವ ನಕ್ಷತ್ರಗಳು. ಮೊದಲ ಸಂಚಿಕೆಯ ಮುಖಪುಟದಲ್ಲಿದ್ದವರು ಹಿಂದೆ ಬೀಟಲ್ಸ್ ತಂಡದಲ್ಲಿದ್ದ ಪಾಲ್ ಮೆಕಾರ್ಟ್ನಿ. ಆ ವರ್ಷ ಹದಿನೈದರ ಪ್ರಾಯದವರು ಅವರ ಚಿತ್ರಕ್ಕಾಗಿ ಪತ್ರಿಕೆ ಕೊಳ್ಳುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. ಆದರೆ ಬೀಟಲ್ಸ್ ಹಾಡುಗಳನ್ನು ಕೇಳುತ್ತ ಬೆಳೆದವರ ಕೈ ಆ ಮುಖದತ್ತ ತಾನಾಗಿ ಚಾಚುತ್ತಿತ್ತು.

1993ರಲ್ಲಿ ಬಂದ ‘ಮೋಜೊ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಂಗ್ರಹಕಾರರನ್ನೇ ಗುರಿಯಾಗಿಸಿಕೊಂಡಿತು. ಕಪಾಟಿನಲ್ಲಿ ನೆಟ್ಟಗೆ ನಿಲ್ಲುವ ದಪ್ಪ ಬೆನ್ನು, ಅಪರೂಪದ ಹಳೆಯ ಛಾಯಾಚಿತ್ರಗಳು, ಮುಂದೆ ಮುಖಪುಟಕ್ಕೆ ಅಂಟಿಸಿ ಕೊಡುತ್ತಿದ್ದ ಸಿಡಿ ಎಲ್ಲವೂ ಎಸೆಯದೆ ಇಟ್ಟುಕೊಳ್ಳುವವರಿಗಾಗಿ ಮಾಡಿದ ಏರ್ಪಾಡುಗಳು. ನೀವು ಪ್ರಬಂಧ ಬರೆಯುವುದಾದರೆ ಈ ಮೂರು ಪತ್ರಿಕೆಗಳ ಒಂದೊಂದು ಹಳೆಯ ಸಂಚಿಕೆಯನ್ನು ಹುಡುಕಿ, ಬಣ್ಣದ ಬಗ್ಗೆ ಬರೆಯುವ ಮೊದಲು ಒಂದು ಪುಟದಲ್ಲಿ ಎಷ್ಟು ಪದಗಳಿವೆ ಎಂದು ಎಣಿಸಿ ನೋಡಿ. ಯಾರು ಎಷ್ಟು ಹೊತ್ತು ಕುಳಿತು ಓದುತ್ತಾರೆಂದು ಸಂಪಾದಕರು ನಂಬಿದ್ದರು ಎಂಬುದನ್ನು ಆ ಲೆಕ್ಕವೇ ಹೇಳುತ್ತದೆ.

ಪ್ರಶ್ನೆ: ನಾನು ಮುದ್ರಣಾಲಯವೊಂದರಲ್ಲಿ ಪುಟವಿನ್ಯಾಸ ಮಾಡುತ್ತೇನೆ. ಮುಖಪುಟದಲ್ಲಿ ಪತ್ರಿಕೆಯ ಹೆಸರು ಮೇಲೆ ಎಡಕ್ಕೇ ಇರಬೇಕು, ಮುಖ್ಯ ಶೀರ್ಷಿಕೆಗಳೂ ಎಡಭಾಗದಲ್ಲೇ ಇರಬೇಕು ಎಂದು ಹಿರಿಯರೊಬ್ಬರು ಹೇಳಿಕೊಟ್ಟಿದ್ದರು. ಇದು ನಿಯಮವೇ, ರೂಢಿಯೇ? (ಹುಬ್ಬಳ್ಳಿ)

ಉತ್ತರ: ಇದು ಅಂಗಡಿಯ ಹಲಗೆಯಿಂದ ಹುಟ್ಟಿದ ರೂಢಿ. ಬ್ರಿಟನ್ ಮತ್ತು ಅಮೆರಿಕದ ಪತ್ರಿಕೆ ಅಂಗಡಿಗಳಲ್ಲಿ ಒಂದು ಪತ್ರಿಕೆ ಇನ್ನೊಂದನ್ನು ಅರ್ಧ ಮುಚ್ಚುವಂತೆ ಸಾಲಾಗಿ ಇಡುವುದುಂಟು. ಹಾಗೆ ಇಟ್ಟಾಗ ಪೂರ್ತಿಯಾಗಿ ಕಾಣುವುದು ಮುಖಪುಟದ ಎಡಗಡೆಯ ಮೂರನೇ ಒಂದು ಭಾಗ ಮಾತ್ರ. ಆದ್ದರಿಂದಲೇ ಅಲ್ಲಿನ ವಿನ್ಯಾಸಕರು ಹೆಸರಿನ ಮೊದಲ ಅಕ್ಷರಗಳನ್ನೂ ಹೆಚ್ಚು ಮಾರಾಟ ತರಬಲ್ಲ ಶೀರ್ಷಿಕೆಗಳನ್ನೂ ಆ ಪಟ್ಟಿಯೊಳಗೇ ತರಲು ಶ್ರಮಪಡುತ್ತಾರೆ. ‘ಕ್ಯೂ’ ಪತ್ರಿಕೆಯದು ಒಂದೇ ಅಕ್ಷರದ ಹೆಸರು. ಕೆಂಪು ಚೌಕದೊಳಗೆ ಬಿಳಿಯ ಅಕ್ಷರವಾಗಿ ಅದು ಎಡಮೂಲೆಯಲ್ಲಿ ಕುಳಿತಿರುತ್ತಿತ್ತು. ಉಳಿದ ಪತ್ರಿಕೆಗಳ ಹೆಸರು ಅರ್ಧ ಮರೆಯಾದರೂ ಅದರ ಹೆಸರು ಇಡಿಯಾಗಿ ಕಾಣುತ್ತಿತ್ತು. ಇಷ್ಟು ಚೊಕ್ಕವಾದ ವಿನ್ಯಾಸವನ್ನು ನಾನು ಬೇರೆ ಕಡೆ ಹೆಚ್ಚು ಕಂಡಿಲ್ಲ.

ನಮ್ಮ ಬಸ್ ನಿಲ್ದಾಣಗಳ ಅಂಗಡಿಗಳಲ್ಲಿ ಪರಿಸ್ಥಿತಿ ಬೇರೆ. ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟ ಪತ್ರಿಕೆಗಳ ಸಾಲಿನಲ್ಲಿ ಕೆಳಭಾಗವನ್ನು ಮುಂದಿನ ಸಾಲು ಮುಚ್ಚುತ್ತದೆ, ಮೇಲ್ಭಾಗ ಕಾಣುತ್ತದೆ. ಕೆಲವು ಕಡೆ ಕ್ಲಿಪ್ಪೇ ಹೆಸರಿನ ಮೇಲೆ ಬಂದು ಕೂರುತ್ತದೆ. ಆದ್ದರಿಂದ ನಿಮ್ಮ ಪತ್ರಿಕೆ ಎಲ್ಲಿ, ಹೇಗೆ ಮಾರಾಟವಾಗುತ್ತದೆ ಎಂದು ಒಮ್ಮೆ ಹೋಗಿ ನೋಡಿ ಬಂದು, ಹೆಸರನ್ನು ಎಲ್ಲಿಡಬೇಕೆಂದು ಆಮೇಲೆ ತೀರ್ಮಾನಿಸಿ. ಚಂದಾದಾರರಿಗೆ ಮಾತ್ರ ಅಂಚೆಯಲ್ಲಿ ಹೋಗುವ ಪತ್ರಿಕೆಯಾದರೆ ಈ ಕಟ್ಟುಪಾಡು ಬೇಕಾಗಿಯೇ ಇಲ್ಲ.

ಅಳತೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. 1967ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಾನ್ ವೆನ್ನರ್ ಮತ್ತು ರಾಲ್ಫ್ ಗ್ಲೀಸನ್ ಆರಂಭಿಸಿದ ‘ರೋಲಿಂಗ್ ಸ್ಟೋನ್’, ಮಡಚಿದ ವೃತ್ತಪತ್ರಿಕೆಯಂತೆ ನ್ಯೂಸ್‌ಪ್ರಿಂಟ್ ಕಾಗದದ ಮೇಲೆ ಬರುತ್ತಿತ್ತು. ಅದರ ಹೆಸರಿನ ಬಳುಕುವ ಅಕ್ಷರಗಳನ್ನು ಬರೆದ ರಿಕ್ ಗ್ರಿಫಿನ್ ಆ ಊರಿನ ಸಂಗೀತ ಕಛೇರಿಗಳ ಭಿತ್ತಿಚಿತ್ರಗಳಿಗೆ ಹೆಸರಾಗಿದ್ದ ಕಲಾವಿದ. ಆ ಸಂಗೀತ ಕಛೇರಿಗಳಿಗೆ ಹೋಗುತ್ತಿದ್ದ ತರುಣರು ಊರಿನ ಗೋಡೆಗಳ ಮೇಲೆ ನೋಡಿದ್ದ ಅದೇ ಕೈಬರಹವನ್ನು ಪತ್ರಿಕೆಯ ತಲೆಯ ಮೇಲೂ ಕಂಡರು; ಇದು ತಮ್ಮ ಪತ್ರಿಕೆ ಎಂದು ಅವರು ಗುರುತಿಸಲು ಬೇರೆ ಪರಿಚಯ ಬೇಕಾಗಲಿಲ್ಲ. ಮುಂದೆ ಅದರ ಅಗಲವಾದ ಪುಟವೇ ಅದರ ಗುರುತಾಯಿತು. 2008ರಲ್ಲಿ ಅದನ್ನು ಉಳಿದ ಪತ್ರಿಕೆಗಳ ಅಳತೆಗೆ ಕುಗ್ಗಿಸಿದ್ದಕ್ಕೆ ಅಂಗಡಿಯ ಹಲಗೆಗಳಲ್ಲಿ ಸರಿಯಾಗಿ ಕೂರಬೇಕೆಂಬುದೂ ಒಂದು ಕಾರಣವಾಗಿತ್ತು. ಹತ್ತು ವರ್ಷಗಳ ಬಳಿಕ ಮಾಸಪತ್ರಿಕೆಯಾದಾಗ ಮತ್ತೆ ದೊಡ್ಡ ಅಳತೆಗೆ ಮರಳಿತು.

ಈ ರೂಢಿಗಳನ್ನೆಲ್ಲ ಮೀರಿದ ಒಂದು ಮುಖಪುಟವನ್ನು ನೀವು ನೋಡಿರಬಹುದು. 1981ರ ಜನವರಿ 22ರ ‘ರೋಲಿಂಗ್ ಸ್ಟೋನ್’ ಸಂಚಿಕೆಯಲ್ಲಿ ಬೀಟಲ್ಸ್ ತಂಡದಲ್ಲಿದ್ದ ಜಾನ್ ಲೆನನ್ ಮತ್ತು ಅವರ ಪತ್ನಿ ಯೋಕೊ ಓನೊ ಅವರ ಚಿತ್ರವಿದೆ. ಅದನ್ನು ಆ್ಯನಿ ಲೀಬೊವಿಟ್ಜ್ ತೆಗೆದದ್ದು 1980ರ ಡಿಸೆಂಬರ್ 8ರಂದು, ಲೆನನ್ ಹತ್ಯೆಯಾಗುವ ಕೆಲವೇ ಗಂಟೆಗಳ ಮೊದಲು. ಆ ಪುಟದಲ್ಲಿ ಒಳಗಿನ ಲೇಖನಗಳ ಬಗ್ಗೆ ಒಂದು ಶೀರ್ಷಿಕೆಯೂ ಇಲ್ಲ. ಓದುಗರಿಗೆ ಸುದ್ದಿ ಮೊದಲೇ ಗೊತ್ತಿತ್ತು. ಏನನ್ನೂ ಬರೆಯದೆ ಬಿಟ್ಟದ್ದು ಅವರ ದುಃಖಕ್ಕೆ ತೋರಿದ ಗೌರವವಾಗಿತ್ತು. ಇಂಥ ಮೌನ ಎಲ್ಲ ತಿಂಗಳೂ ಒಗ್ಗುವುದಿಲ್ಲ. ಸಾಮಾನ್ಯ ಸಂಚಿಕೆಯಲ್ಲಿ ಹೀಗೆ ಮಾಡಿದರೆ ಒಳಗೇನಿದೆ ಎಂದು ತಿಳಿಯದೆ ಓದುಗರು ಪತ್ರಿಕೆಯನ್ನು ಅಲ್ಲೇ ಇಟ್ಟು ಹೋಗುತ್ತಾರೆ.

ಪ್ರಶ್ನೆ: ನಾನು ಗಿಟಾರ್ ಕಲಿಯುತ್ತಿದ್ದೇನೆ. ರಾಕ್ ಸಂಗೀತದ ಹಳೆಯ ಪತ್ರಿಕೆಗಳನ್ನು ತಿರುವಿದಾಗ ಅವು ನನ್ನಂಥ ಹೆಣ್ಣುಮಕ್ಕಳಿಗಾಗಿ ಮಾಡಿದವಲ್ಲ ಎಂದೇ ಅನ್ನಿಸುತ್ತದೆ. ಇದು ನನ್ನ ಕಲ್ಪನೆಯೇ? (ಮಂಗಳೂರು)

ಉತ್ತರ: ಕಲ್ಪನೆಯಲ್ಲ. ಒಬ್ಬರನ್ನು ಕರೆಯುವ ವಿನ್ಯಾಸ ಇನ್ನೊಬ್ಬರನ್ನು ಹೊರಗೆ ನಿಲ್ಲಿಸುವುದುಂಟು. 1981ರ ಜೂನ್‌ನಲ್ಲಿ ಮೊದಲ ಸಂಚಿಕೆ ತಂದ ‘ಕೆರಾಂಗ್’ ಪತ್ರಿಕೆಯ ಮುಖಪುಟದಲ್ಲಿದ್ದವರು ಗಿಟಾರ್ ವಾದಕ ಆಂಗಸ್ ಯಂಗ್. ಬಿರುಕು ಬಿಟ್ಟ ದಪ್ಪ ಅಕ್ಷರಗಳ ಹೆಸರು, ಒತ್ತೊತ್ತಾಗಿ ತುಂಬಿದ ಪುಟಗಳು, ಭಿತ್ತಿಚಿತ್ರಗಳು ಸೇರಿ ಜೋರು ಸದ್ದಿನ ಸಂಗೀತವನ್ನು ಮೆಚ್ಚುವ ಹುಡುಗರಿಗೆ ಅದು ಬಹಳ ಹಿಡಿಸಿತು. ಆ ಸಂಗೀತವನ್ನು ಅಷ್ಟೇ ಪ್ರೀತಿಯಿಂದ ಕೇಳುತ್ತಿದ್ದ ಹುಡುಗಿಯರೂ ಇದ್ದರು. ಅಂಥ ಪತ್ರಿಕೆಗಳ ಮುಖಪುಟಗಳಲ್ಲಿ ಅವರನ್ನು ನೆನೆದು ಮಾಡಿದ ಆಯ್ಕೆ ಬಹುಕಾಲ ವಿರಳವಾಗಿತ್ತು.

ಹೀಗೆ ಹೊರಗುಳಿದವರಿಗಾಗಿ ಹೊಸ ಪತ್ರಿಕೆಯನ್ನೇ ಕಟ್ಟಿದ ಉದಾಹರಣೆ ಅಮೆರಿಕದಲ್ಲಿದೆ. ರಾಕ್ ಪತ್ರಿಕೆಗಳು ಹಿಪ್‌ಹಾಪ್ ಸಂಗೀತಕ್ಕೆ ಬದಿಯ ಜಾಗ ಕೊಡುತ್ತಿದ್ದ ಕಾಲದಲ್ಲಿ, 1993ರಲ್ಲಿ, ಸಂಗೀತಗಾರ ಕ್ವಿನ್ಸಿ ಜೋನ್ಸ್ ‘ವೈಬ್’ ಪತ್ರಿಕೆಯನ್ನು ಆರಂಭಿಸಿದರು. ಅಗಲವಾದ ಪುಟ, ಒಳ್ಳೆಯ ಕಾಗದ, ಪುಟ ತುಂಬಿ ನಿಲ್ಲುವ ಭಾವಚಿತ್ರಗಳು. ಅದುವರೆಗೆ ಚಲನಚಿತ್ರ ತಾರೆಯರಿಗೆ ಸಲ್ಲುತ್ತಿದ್ದ ಛಾಯಾಗ್ರಹಣದ ಮರ್ಯಾದೆ ಕಪ್ಪು ಸಂಗೀತಗಾರರಿಗೂ ಸಲ್ಲಬೇಕು ಎಂಬ ನಿಲುವು ಆ ಪುಟಗಳಲ್ಲಿ ಕಣ್ಣಿಗೆ ಕಾಣುತ್ತಿತ್ತು. ಮಹಿಳಾ ವಾದಕರಿಗೂ ಅಂಥ ಪುಟಗಳು ದೊರೆಯಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಪ್ರಶ್ನೆ: ಓದಲು ಬಾರದಂತೆ ಅಕ್ಷರಗಳನ್ನು ಚೆಲ್ಲಾಡುವ ವಿನ್ಯಾಸವೂ ಓದುಗರನ್ನು ಸೆಳೆಯುತ್ತದೆ ಎನ್ನುತ್ತಾರೆ. ನಂಬುವುದು ಹೇಗೆ? (ಬೆಂಗಳೂರು)

ಉತ್ತರ: ಅಮೆರಿಕದಲ್ಲಿ 1992ರಲ್ಲಿ ಆರಂಭವಾದ ‘ರೇ ಗನ್’ ಪತ್ರಿಕೆ ಇದಕ್ಕೆ ಹೆಸರಾದದ್ದು. ಅದರ ಕಲಾ ನಿರ್ದೇಶಕ ಡೇವಿಡ್ ಕಾರ್ಸನ್ ಕಾಲಂಗಳನ್ನು ಒಂದರ ಮೇಲೊಂದು ಹಾಯಿಸಿದರು, ಶೀರ್ಷಿಕೆಗಳನ್ನು ಕತ್ತರಿಸಿದರು. ಗಾಯಕ ಬ್ರಯಾನ್ ಫೆರಿ ಅವರ ಸಂದರ್ಶನವೊಂದು ನೀರಸವೆನಿಸಿತೆಂದು ಅದನ್ನು ಪೂರ್ತಿಯಾಗಿ ಚಿಹ್ನೆಗಳೇ ಇರುವ ‘ಡಿಂಗ್‌ಬ್ಯಾಟ್ಸ್’ ಫಾಂಟ್‌ನಲ್ಲಿ ಜೋಡಿಸಿಬಿಟ್ಟರು. ಆ ಪತ್ರಿಕೆಯ ಓದುಗರು ಪರ್ಯಾಯ ರಾಕ್ ಸಂಗೀತದಲ್ಲಿ ಮುಳುಗಿದ್ದ ಯುವಜನರು. ಹಾಡಿನಲ್ಲಿ ಗೊರಗೊರ ಸದ್ದನ್ನೇ ಸೊಗಸೆಂದು ಕೇಳುತ್ತಿದ್ದವರಿಗೆ ಪುಟದಲ್ಲಿಯೂ ಆ ಒರಟುತನ ಪ್ರಿಯವಾಯಿತು. ತಡಕಾಡಿ ಓದುವುದೇ ಅವರಿಗೆ ಆ ಬಳಗಕ್ಕೆ ಸೇರಿದ ಗುರುತಾಯಿತು. ನಾನು ಕಾರ್ಸನ್ ಅವರ ಪುಟಗಳನ್ನು ಮೆಚ್ಚುತ್ತೇನೆ, ಆ ಸಂದರ್ಶನದ ವಿಷಯದಲ್ಲಿ ಮಾತ್ರ ಒಪ್ಪುವುದಿಲ್ಲ. ನೀರಸವಾಗಿದ್ದರೆ ಅದನ್ನು ಕೈಬಿಡಬೇಕಿತ್ತು ಅಥವಾ ಬರೆದವರಿಗೆ ತಿದ್ದಲು ಹೇಳಬೇಕಿತ್ತು. ಹಣ ಕೊಟ್ಟು ಕೊಂಡ ಓದುಗರಿಗೆ ಏನಿದೆ ಎಂದು ತಿಳಿಯುವ ಹಕ್ಕಿದೆ.

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗ. ರೈಲು ನಿಲ್ದಾಣದಲ್ಲಿ ‘ಎನ್‌ಎಂಇ’ ಪತ್ರಿಕೆಯನ್ನು ಉಚಿತವಾಗಿ ಹಂಚುತ್ತಿದ್ದುದನ್ನು ನೋಡಿದ್ದೇನೆ. ಅಷ್ಟು ಚೆನ್ನಾಗಿ ವಿನ್ಯಾಸಗೊಂಡ ಪತ್ರಿಕೆ ಏಕೆ ನಿಂತಿತು? (ಲೆಸ್ಟರ್)

ಉತ್ತರ: ಆ ಪತ್ರಿಕೆ 1952ರಲ್ಲಿ ಆರಂಭವಾದದ್ದು, ಬ್ರಿಟನ್ನಿನ ಮೊದಲ ಸಿಂಗಲ್ಸ್ (ಬಿಡಿ ಹಾಡಿನ ಧ್ವನಿಮುದ್ರಿಕೆಗಳ) ಮಾರಾಟದ ಪಟ್ಟಿಯನ್ನು ಅದೇ ವರ್ಷ ಪ್ರಕಟಿಸಿದ ಕೀರ್ತಿಯೂ ಅದರದೇ. ಯಾವ ತಂಡ ಎಲ್ಲಿ ಹಾಡಲಿದೆ, ಯಾವ ಧ್ವನಿಮುದ್ರಿಕೆ ಹೊರಬಂದಿದೆ ಎಂದು ತಿಳಿಯಲು ಜನ ವಾರವಾರವೂ ಅದನ್ನು ಕೊಳ್ಳುತ್ತಿದ್ದರು. ಅಂತರಜಾಲ ಬಂದ ಮೇಲೆ ಆ ಅಗತ್ಯ ಬೇರೆ ಕಡೆ ಪೂರೈಸತೊಡಗಿತು. 2015ರ ಸೆಪ್ಟೆಂಬರ್‌ನಲ್ಲಿ ಅದನ್ನು ಉಚಿತ ಪತ್ರಿಕೆಯನ್ನಾಗಿ ಮಾಡಿ, ಮೊದಲ ಉಚಿತ ಸಂಚಿಕೆಯ ಮುಖಪುಟದಲ್ಲಿ ಗಾಯಕಿ ರಿಹಾನಾ ಅವರನ್ನು ತಂದರು. ಯಾರ ಕೈಗೆ ಬೇಕಾದರೂ ಸಿಗುವ ಪತ್ರಿಕೆಗೆ ಎಲ್ಲರಿಗೂ ಪರಿಚಿತವಾದ ಮುಖ ಬೇಕಾಗುವುದು ಸಹಜ. ಆದರೆ ಗಿಟಾರ್ ತಂಡಗಳ ಸಂಗೀತಕ್ಕಾಗಿಯೇ ಅದನ್ನು ಕೊಳ್ಳುತ್ತಿದ್ದ ಹಳೆಯ ಓದುಗರಿಗೆ ಅದು ತಮ್ಮದೆಂದು ಅನ್ನಿಸಲು ಕಾರಣ ಉಳಿಯಲಿಲ್ಲ. ಕೈಗೆತ್ತಿಕೊಂಡವರು ಹೆಚ್ಚಿದರು, ಕಾದು ಕೊಳ್ಳುವವರು ಇಲ್ಲವಾದರು. 2018ರ ಮಾರ್ಚ್‌ನಲ್ಲಿ ಮುದ್ರಣ ನಿಂತಿತು. ‘ಕ್ಯೂ’ ಕೂಡ 2020ರ ಜುಲೈನಲ್ಲಿ ಕೊನೆಯ ಸಂಚಿಕೆ ತಂದಿತು. ವಿನ್ಯಾಸ ಇರುವ ಓದುಗರನ್ನು ಕರೆಯಬಲ್ಲದು, ಇಲ್ಲದ ಅಗತ್ಯವನ್ನು ಹುಟ್ಟಿಸಲಾರದು.

ಪ್ರಶ್ನೆ: ನಾನು ಕರ್ನಾಟಕ ಸಂಗೀತದ ಶಿಕ್ಷಕಿ. ನಮ್ಮ ಪಾಠಶಾಲೆಯ ಮಕ್ಕಳು ಮತ್ತು ಪೋಷಕರಿಗಾಗಿ ಮೂರು ತಿಂಗಳಿಗೊಮ್ಮೆ ಚಿಕ್ಕ ಕನ್ನಡ ಪತ್ರಿಕೆ ತರಬೇಕೆಂದಿದ್ದೇವೆ. ಮುಖಪುಟಕ್ಕೆ ವೀಣೆಯ ಚಿತ್ರ ಸಾಕೇ? ಒಳಪುಟಗಳು ಹೇಗಿರಬೇಕು? (ಶಿವಮೊಗ್ಗ)

ಉತ್ತರ: ಅಮ್ಮಾ, ತಮ್ಮ ಯೋಜನೆ ಬಹಳ ಸಂತೋಷ ತಂದಿತು. ವೀಣೆಯ ಚಿತ್ರದಲ್ಲಿ ದೋಷವೇನೂ ಇಲ್ಲ. ಆದರೆ ಸಂಗೀತದ ಆಮಂತ್ರಣ ಪತ್ರಿಕೆಗಳು, ಕ್ಯಾಲೆಂಡರ್‌ಗಳು, ನೋಟ್‌ಬುಕ್‌ಗಳು ಎಲ್ಲದರ ಮೇಲೂ ಅದೇ ಇರುವುದರಿಂದ ಮಕ್ಕಳ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ತಂಬೂರಿ ಮೀಟುತ್ತಿರುವ ಎಳೆಯ ಬೆರಳುಗಳು, ತಾಳ ಹಾಕುವಾಗ ತೊಡೆಯ ಮೇಲೆ ಬಿದ್ದ ಕೈ, ಮೃದಂಗಕ್ಕೆ ರವೆ ಹಚ್ಚುವ ಕ್ಷಣ, ಹೀಗೆ ತಮ್ಮ ಪಾಠಶಾಲೆಯಲ್ಲೇ ಹತ್ತಿರದಿಂದ ತೆಗೆದ ಒಂದು ಚಿತ್ರವಿದ್ದರೆ ಅದು ನಮ್ಮ ಪತ್ರಿಕೆ ಎಂದು ಮಕ್ಕಳು ಬೇಗ ಗುರುತಿಸುತ್ತಾರೆ.

ಒಳಪುಟಗಳಿಗೆ ಇನ್ನೂ ಹೆಚ್ಚು ಗಮನ ಬೇಕು, ಏಕೆಂದರೆ ಮಕ್ಕಳು ಈ ಪತ್ರಿಕೆಯನ್ನು ನೆಲದ ಮೇಲೆ ತೆರೆದಿಟ್ಟು, ಒಂದು ಕೈಯಲ್ಲಿ ತಾಳ ಹಾಕುತ್ತ ಹಾಡುತ್ತಾರೆ. ಕಣ್ಣಿಗೂ ಪುಟಕ್ಕೂ ಎರಡು ಅಡಿ ದೂರವಾದರೂ ಇರುತ್ತದೆ. ಆದ್ದರಿಂದ ಸ್ವರಸಾಹಿತ್ಯದ ಅಕ್ಷರ ಲೇಖನದ ಅಕ್ಷರಕ್ಕಿಂತ ಎದ್ದು ಕಾಣುವಷ್ಟು ದೊಡ್ಡದಾಗಿರಲಿ. ಆದಿತಾಳದ ಒಂದು ಆವರ್ತನ, ಅಂದರೆ ಎಂಟು ಎಣಿಕೆಗಳ ಒಂದು ಸುತ್ತು, ಒಂದೇ ಸಾಲಿನಲ್ಲಿ ಮುಗಿಯಬೇಕು. ಲಘುವಿನ ನಾಲ್ಕು ಎಣಿಕೆ, ಎರಡು ದ್ರುತಗಳ ಎರಡೆರಡು ಎಣಿಕೆಗಳ ಕೊನೆಗೆ ಬರುವ ಗೆರೆಗಳು ಪುಟದುದ್ದಕ್ಕೂ ಮೇಲಿಂದ ಕೆಳಗೆ ಒಂದೇ ನೇರದಲ್ಲಿ ಬರಬೇಕು. ಸ್ಪೇಸ್ ಬಾರ್ ಒತ್ತಿ ಈ ನೇರ ತರಲು ಹೋದರೆ ಫಾಂಟ್ ಬದಲಾದ ಕೂಡಲೇ ಎಲ್ಲವೂ ಕೆಡುತ್ತದೆ. ಗೆರೆಯಿಲ್ಲದ ಕೋಷ್ಟಕದಲ್ಲಿ ಒಂದೊಂದು ಎಣಿಕೆಗೆ ಒಂದೊಂದು ಮನೆ ಮಾಡಿ ಜೋಡಿಸಲು ಡಿಟಿಪಿಯವರಿಗೆ ಹೇಳಿ. ಸ್ವರದ ಕೆಳಗೆ ಅದಕ್ಕೆ ಸೇರಿದ ಸಾಹಿತ್ಯದ ಅಕ್ಷರ ಅದೇ ಮನೆಯಲ್ಲಿ ಕೂರಲಿ.

ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಮಂದ್ರಸ್ಥಾಯಿಯ (ತಗ್ಗು ಸ್ಥಾಯಿಯ) ಚುಕ್ಕೆ ಸ್ವರದ ಕೆಳಗೆ, ತಾರಸ್ಥಾಯಿಯದು (ಏರು ಸ್ಥಾಯಿಯದು) ಸ್ವರದ ಮೇಲೆ ಬರುತ್ತದೆ. ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ಸಾಹಿತ್ಯದ ಒತ್ತು ಕೆಳಗಿನ ಸಾಲಿನ ತಾರಷಡ್ಜದ ಚುಕ್ಕೆಯನ್ನು ನುಂಗುತ್ತದೆ, ಮಗು ಮಧ್ಯಷಡ್ಜವೆಂದೇ ಹಾಡುತ್ತದೆ. ಇಂಗ್ಲಿಷ್ ಪುಟಕ್ಕೆ ಸಾಕಾಗುವ ಅಂತರ ನಮ್ಮ ಪುಟಕ್ಕೆ ಸಾಲದು, ಧಾರಾಳವಾಗಿಯೇ ಬಿಡಿಸಿ. ಇಂಗ್ಲಿಷಿನಲ್ಲಿರುವಂತೆ ನಮ್ಮಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲದ ಕಾರಣ ಪಲ್ಲವಿ, ಅನುಪಲ್ಲವಿ, ಚರಣ ಎಂಬ ಸೂಚನೆಗಳನ್ನು ದಪ್ಪ ಅಕ್ಷರದಲ್ಲಿಯೋ ಬೇರೆ ಬಣ್ಣದಲ್ಲಿಯೋ ತೋರಿಸಬೇಕಾಗುತ್ತದೆ. ಎರಡು ಬಣ್ಣಗಳ ಮುದ್ರಣಕ್ಕೆ ಮಾತ್ರ ಹಣವಿದ್ದರೆ ಎರಡನೆಯ ಬಣ್ಣವನ್ನು ಅಲಂಕಾರಕ್ಕೆ ಖರ್ಚು ಮಾಡದೆ ಈ ಸೂಚನೆಗಳಿಗೂ ತಾಳದ ಗೆರೆಗಳಿಗೂ ಇಟ್ಟುಕೊಳ್ಳಿ.

ಬೆನ್ನಿಗೆ ಗೋಂದು ಹಾಕಿ ಅಂಟಿಸಿದ ಪುಸ್ತಕ ನೆಲದ ಮೇಲೆ ಬಿಚ್ಚಿ ನಿಲ್ಲುವುದಿಲ್ಲ, ಕೈ ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ನಡುವೆ ಪಿನ್ ಹೊಡೆಸಿ. ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗುವಂತಿದ್ದರೆ ಸಾಕು. ಕೃತಿ ಎರಡು ಪುಟಗಳಿಗೆ ಹರಡಿದರೆ ಎದುರುಬದುರಾದ ಪುಟಗಳಲ್ಲೇ ಬರಲಿ. ಹಾಳೆ ತಿರುವಲು ತಾಳ ನಿಲ್ಲಿಸಬೇಕಾದ ಸಂದರ್ಭ ಬರಬಾರದು. ಹೊಳಪಿನ ಕಾಗದ ದೀಪದ ಬೆಳಕಿನಲ್ಲಿ ಕಣ್ಣಿಗೆ ರಾಚುತ್ತದೆ, ಅದರ ಮೇಲೆ ಪೆನ್ಸಿಲ್ ಗುರುತೂ ಮೂಡುವುದಿಲ್ಲ. ಗಮಕದ ಗುರುತುಗಳನ್ನು ತಾವು ಪಾಠದ ಹೊತ್ತಿನಲ್ಲಿ ಮಕ್ಕಳಿಂದ ಬರೆಸುವಿರಾದ್ದರಿಂದ ಹೊಳಪಿಲ್ಲದ ಸಾಧಾರಣ ಬಿಳಿ ಕಾಗದವನ್ನೇ ಆರಿಸಿ, ಬಲಬದಿಯ ಅಂಚಿನಲ್ಲಿ ಎರಡು ಬೆರಳಿನಷ್ಟು ಜಾಗ ಖಾಲಿ ಬಿಡಿಸಿ. ಮೊದಲ ಸಂಚಿಕೆಯನ್ನು ಅಚ್ಚಿಗೆ ಕೊಡುವ ಮುನ್ನ ಒಂದು ಕೃತಿಯ ಪುಟವನ್ನು ಮಾತ್ರ ಪ್ರಿಂಟ್ ತೆಗೆಸಿ, ಪಾಠದ ಕೋಣೆಯಲ್ಲಿ ಇಬ್ಬರು ಮಕ್ಕಳ ಮುಂದಿಟ್ಟು ಹಾಡಿಸಿ ನೋಡಿ. ಅವರು ಎಲ್ಲಿ ಬಾಗಿ ನೋಡುತ್ತಾರೋ ಅಲ್ಲಿ ಅಕ್ಷರ ಚಿಕ್ಕದಾಗಿದೆ, ಎಲ್ಲಿ ಸಾಲು ತಪ್ಪುತ್ತಾರೋ ಅಲ್ಲಿ ಅಂತರ ಸಾಲದಾಗಿದೆ ಎಂದು ಗುರುತು ಹಾಕಿಕೊಂಡು ಡಿಟಿಪಿಯವರಿಗೆ ಮರಳಿಸಿ.